ಸಾಲ್ಟ್ ಅನಾಲಿಸಿಸ್ ದಿನಗಳು

1990ರ ದಶಕದಲ್ಲಿ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಹೊಸಬರು ದಾರಿ ಕೇಳಬೇಕಾಗಿರಲಿಲ್ಲ. ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ವಾಸನೆಯೇ ಕರೆದೊಯ್ಯುತ್ತಿತ್ತು. ಮೂಲೆಯಲ್ಲಿ ಮೂರು ಗಾಜಿನ ಬುರುಡೆಗಳ ಕಿಪ್ ಉಪಕರಣ, ನಡುವಿನ ಬುರುಡೆಯಲ್ಲಿ ಫೆರಸ್ ಸಲ್ಫೈಡಿನ ಕರಿ ತುಂಡುಗಳು. ತಿರುಪು ಬಿಟ್ಟರೆ ಆಮ್ಲ ಮೇಲೇರಿ ಅನಿಲ ಹೊರಡುತ್ತದೆ; ಮುಚ್ಚಿದರೆ ಅದೇ ಅನಿಲ ಆಮ್ಲವನ್ನು ತಳ್ಳಿ ಕ್ರಿಯೆಯನ್ನು ನಿಲ್ಲಿಸುತ್ತದೆ. ಇದಕ್ಕಿಂತ ಜಾಣ ಯಂತ್ರವನ್ನು ಮುಂದೆ ಕಾರ್ಖಾನೆಗಳಲ್ಲೂ ನಾನು ಹೆಚ್ಚು ಕಂಡಿಲ್ಲ.

ಸಾಲ್ಟ್ ಅನಾಲಿಸಿಸ್ ಎಂದರೆ ಹೆಸರು ಹೇಳದೆ ಕೊಟ್ಟ ಲವಣದಲ್ಲಿ ಏನೇನಿದೆ ಎಂದು ಪ್ರಯೋಗ ಮಾಡಿ ಪತ್ತೆಹಚ್ಚುವುದು. ಲವಣ ಕೈಗೆ ಬಂದೊಡನೆ ಎಲ್ಲರೂ ಬಣ್ಣ ನೋಡುವವರೇ. ನೀಲಿಯಾದರೆ ತಾಮ್ರ, ಹಸಿರಾದರೆ ನಿಕ್ಕಲ್ ಇಲ್ಲವೇ ಫೆರಸ್ ರೂಪದ ಕಬ್ಬಿಣ. ಉತ್ತರ ಮೊದಲು, ಪ್ರಯೋಗ ಆಮೇಲೆ. ಲೋಹಗಳನ್ನು ಯಾವ ರಾಸಾಯನಿಕ ಹಾಕಿದರೆ ಬೇರ್ಪಡುತ್ತವೆ ಎಂಬುದರ ಮೇಲೆ ಗುಂಪುಗಳಾಗಿ ವಿಂಗಡಿಸಿ, ಒಂದೊಂದೇ ಗುಂಪನ್ನು ಕ್ರಮವಾಗಿ ಹುಡುಕಬೇಕಿತ್ತು. ನಮ್ಮ ಮೇಷ್ಟ್ರು ಮಾತ್ರ ರೆಕಾರ್ಡ್ ತಿದ್ದುವಾಗ ಕೊನೆಯ ಉತ್ತರದತ್ತ ಕಣ್ಣೇ ಹಾಯಿಸುತ್ತಿರಲಿಲ್ಲ. ‘ಮೊದಲನೆಯ ಗುಂಪು ಇಲ್ಲ, ಎರಡನೆಯದೂ ಇಲ್ಲ’ ಎಂಬ ಸಾಲುಗಳ ಮೇಲೆ ಬೆರಳಿಟ್ಟು, “ಇಲ್ಲವೆಂದು ನಿನಗೆ ಹೇಗೆ ಗೊತ್ತಾಯಿತು?” ಎನ್ನುತ್ತಿದ್ದರು. ಮೂರನೆಯ ಗುಂಪಿಗೆ ಅಮೋನಿಯಂ ಹೈಡ್ರಾಕ್ಸೈಡಿಗಿಂತ ಮೊದಲು ಅಮೋನಿಯಂ ಕ್ಲೋರೈಡ್ ಏಕೆ ಎಂಬುದು ಅವರ ಇಷ್ಟದ ಪ್ರಶ್ನೆ. ಅದು ಹೈಡ್ರಾಕ್ಸೈಡ್ ಅಯಾನುಗಳನ್ನು ಹತ್ತಿಕ್ಕುವುದರಿಂದ ಕಬ್ಬಿಣ, ಅಲ್ಯೂಮಿನಿಯಂನಂಥವು ಮಾತ್ರ ಪ್ರಕ್ಷೇಪವಾಗುತ್ತವೆ, ಅಂದರೆ ದ್ರಾವಣದಿಂದ ಘನವಾಗಿ ಬೇರ್ಪಡುತ್ತವೆ. ಅದನ್ನು ಬಿಟ್ಟರೆ ಕೊನೆಯ ಗುಂಪಿನ ಮೆಗ್ನೀಸಿಯಮ್ಮೂ ಅಲ್ಲೇ ಬಂದು ಕೂರುತ್ತದೆ.

ಪರೀಕ್ಷೆಯಲ್ಲಿ ನನಗೆ ಬಂದದ್ದು ಬಿಳಿಯ ಹರಳು. ಒಣ ಪ್ರನಾಳದಲ್ಲಿ ಕಾಯಿಸಿದೊಡನೆ ಚಟಚಟ ಸಿಡಿದು ಕಂದು ಹೊಗೆ ಎದ್ದಿತು. ನೈಟ್ರೇಟ್ ಎಂದು ಬರೆಯಲು ಕೈ ತುರಿಸುತ್ತಿದ್ದರೂ ಅದನ್ನು ಖಚಿತಪಡಿಸುವ ಕಂದು ಉಂಗುರ ತೋರಿಸದೆ ಅಂಕವಿಲ್ಲ. ಸೀಸವಿದ್ದರೆ ಆ ಪರೀಕ್ಷೆಯಲ್ಲಿ ಲೆಡ್ ಸಲ್ಫೇಟ್ ಬೆಳ್ಳಗೆ ಕದಡಿ ಉಂಗುರವನ್ನು ಮರೆಮಾಡುತ್ತದೆ. ಅದಕ್ಕೇ ಸೋಡಿಯಂ ಕಾರ್ಬೊನೇಟಿನೊಂದಿಗೆ ಕುದಿಸಿ, ಸೋಸಿದ ತಿಳಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನೂ ಆಗತಾನೇ ಕರಗಿಸಿದ ಫೆರಸ್ ಸಲ್ಫೇಟನ್ನೂ ಬೆರೆಸಿ, ಪ್ರನಾಳವನ್ನು ಓರೆ ಹಿಡಿದು ಒಳಗೋಡೆಯಗುಂಟ ಸಾಂದ್ರ ಆಮ್ಲವನ್ನು ಇಳಿಸಿದೆ. ಎರಡು ದ್ರವಗಳು ಕೂಡುವಲ್ಲಿ ಉಂಗುರ ಕಟ್ಟಿತು.

ಸೀಸವಿದೆಯೇ ಎಂದು ನೋಡಲು ಪೊಟ್ಯಾಸಿಯಂ ಅಯೋಡೈಡ್ ಹಾಕಿದಾಗ ಹಳದಿ ಪ್ರಕ್ಷೇಪ ಬಂತು. ಅಂಕಕ್ಕೆ ಅಷ್ಟೇ ಸಾಕಾಗಿತ್ತು. ನಾನು ಸುಮ್ಮನಿರದೆ ನೀರು ಬೆರೆಸಿ ಕುದಿಸಿದೆ. ಹಳದಿಯೆಲ್ಲ ಕರಗಿ ದ್ರಾವಣ ತಿಳಿಯಾಯಿತು. ನಲ್ಲಿಯ ಕೆಳಗೆ ತಣಿಸಿದರೆ ಹೊನ್ನಿನ ಬಣ್ಣದ ತೆಳು ಹಳಕುಗಳು ಮಿನುಗುತ್ತ ಸುಳಿಯತೊಡಗಿದವು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಅಂಕಪಟ್ಟಿಯನ್ನು ಬದಿಗಿಟ್ಟು, “ಇನ್ನೊಮ್ಮೆ ಕಾಯಿಸು ನೋಡೋಣ” ಎಂದರು.

ಆ ಸೀಸದ ನೀರೆಲ್ಲ ಆಗ ನೇರವಾಗಿ ಸಿಂಕಿಗೇ ಹೋಗುತ್ತಿತ್ತು. ಈಗ ಅದಕ್ಕೆ ಬೇರೆ ಡಬ್ಬ ಇಟ್ಟಿರುತ್ತಾರೆ ಎಂದುಕೊಂಡಿದ್ದೇನೆ. ಇಲ್ಲವಾದರೆ ಈ ವರ್ಷವೇ ಇಡಲಿ.