ಫ್ರೇಮಿನೊಳಗೆ ದಾರಿ ಹುಡುಕಿದ ಕೇಬಲ್

ನಂದಿ ಬೆಟ್ಟದ ತಿರುವಿನಲ್ಲಿ ಸೈಕಲ್ಲಿನ ಹಿಂದಿನ ಗೇರ್ ಕೈಕೊಟ್ಟಿತು. ಮನೆಗೆ ಬಂದು ನೋಡಿದರೆ ಹ್ಯಾಂಡಲ್ ಮೇಲೆ ಗೇರ್ ಬದಲಿಸುವ ಶಿಫ್ಟರ್ ಒಳಗೇ ಕೇಬಲ್ ಎಳೆಎಳೆಯಾಗಿ ಬಿಚ್ಚಿಕೊಂಡಿತ್ತು. ಅವಸರಕ್ಕೆ ಬಿದ್ದು ಹಳೆಯದನ್ನು ಪೂರ್ತಿ ಎಳೆದುಬಿಟ್ಟೆ. ಹಾಗೆ ಮಾಡಬಾರದು. ಮೊದಲು ಹಳೆ ಕೇಬಲ್ ಮೇಲೆಯೇ ತೆಳು ಪ್ಲಾಸ್ಟಿಕ್ ಲೈನರ್ ತೂರಿಸಿ, ಆಮೇಲೆ ಕೇಬಲ್ ತೆಗೆಯಬೇಕು. ಆ ನಳಿಕೆಯೇ ಹೊಸದಕ್ಕೆ ದಾರಿ.

ಈಗ ಡೌನ್‌ಟ್ಯೂಬ್ (ಹ್ಯಾಂಡಲ್ ಬುಡದಿಂದ ಪೆಡಲ್ ಬುಡಕ್ಕೆ ಇಳಿಯುವ ಫ್ರೇಮಿನ ಕೊಳವೆ) ಬರೀ ಕತ್ತಲು. 1.2 ಮಿಲಿಮೀಟರ್ ದಪ್ಪದ ಕೇಬಲ್ ತಳ್ಳಿದಷ್ಟೂ ಒಳಗೆ ಸುರುಳಿ ಸುತ್ತುತ್ತಿತ್ತೇ ಹೊರತು ಪೆಡಲ್ ಬುಡದ ರಂಧ್ರಕ್ಕೆ ಬರಲೊಲ್ಲದು. ಅಮ್ಮನ ಹೊಲಿಗೆ ಡಬ್ಬಿಯಿಂದ ನೂಲು ತಂದು, ತುದಿಗೆ ಚಿಟಿಕೆ ಹತ್ತಿ ಕಟ್ಟಿ ಮೇಲಿನ ತೂತಿಗೆ ಬಿಟ್ಟೆ. ಉಳಿದ ತೂತುಗಳಿಗೆಲ್ಲ ಟೇಪ್. ಕೆಳಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದೆ. ನೂಲು ಬೆರಳ ಸಂದಿಯಿಂದ ಸರ್ರನೆ ಜಾರಿತು, ಹತ್ತಿಯುಂಡೆ ಟಪ್ ಎಂದು ಪೈಪಿನ ಬಾಯಿಗೆ ಬಂದು ಬಡಿಯಿತು! ಆ ಸದ್ದು ಕೇಳಿದಾಗಿನ ಖುಷಿಯೇ ಬೇರೆ.

ನೂಲಿಗೆ ಲೈನರ್ ಅಂಟಿಸಿ ಎಳೆದೆ, ಅದರೊಳಗೆ ಕೇಬಲ್ ಸಲೀಸಾಗಿ ಹೋಯಿತು. ಚೈನ್‌ಸ್ಟೇಗೂ (ಪೆಡಲ್ ಬುಡದಿಂದ ಹಿಂದಿನ ಚಕ್ರದತ್ತ ಹೋಗುವ ಕೊಳವೆಗೂ) ಹೀಗೇ.

ಮುಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಕೇಬಲ್ಲೂ ಅದೇ ಟ್ಯೂಬಿನಲ್ಲಿದ್ದರೆ ಕ್ಲ್ಯಾಂಪ್ ಬಿಗಿಯುವ ಮುನ್ನ ಒಂದನ್ನು ಮೆಲ್ಲಗೆ ಎಳೆದು ನೋಡಿ. ಇನ್ನೊಂದೂ ಅಲುಗಿದರೆ ಒಳಗೆ ಹೆಣೆದುಕೊಂಡಿವೆ ಎಂದರ್ಥ. ಬೇಸರವಾದರೂ ಬಿಚ್ಚಿ ಮತ್ತೆ ಹಾಕಿ, ಇಲ್ಲವಾದರೆ ಗೇರ್ ಸದಾ ಬಿಗಿ. ನನ್ನವು ಸಿಕ್ಕಿಕೊಂಡಿರಲಿಲ್ಲ. ಸಂಜೆಯೇ ಕೆರೆ ಏರಿ ಮೇಲೆ ಒಂದು ಸುತ್ತು ಹೊಡೆದೆ, ಹನ್ನೊಂದೂ ಗೇರ್ ಟಕ್ ಟಕ್ ಎಂದು ಬಿದ್ದವು.