ಒಂದು ಬ್ಲೇಜಾರ್‌ಗೆ ಅಷ್ಟೊಂದು ಟೆಲಿಸ್ಕೋಪ್ ಯಾಕೆ?

"ಒಂದು ಚುಕ್ಕಿ ನೋಡೋಕೆ ಅಷ್ಟೊಂದು ಟೆಲಿಸ್ಕೋಪ್ ಯಾಕ್ರೀ? ಒಳ್ಳೇದು ಒಂದಿದ್ರೆ ಸಾಲಲ್ವಾ?" ಬ್ಲೇಜಾರ್‌ಗಳ ಮೇಲೆ ಕೆಲಸ ಮಾಡುತ್ತೇನೆ ಅಂದಾಗಲೆಲ್ಲ ಬೆಂಗಳೂರಿನ ನೆಂಟರು, ಸ್ನೇಹಿತರು ಕೇಳುವುದು ಇದನ್ನೇ. ನಮ್ಮ ತೆರಿಗೆ ದುಡ್ಡು ಎಲ್ಲಿಗೆ ಹೋಗುತ್ತಿದೆ ಅನ್ನುವ ಅನುಮಾನವೂ ಅದರಲ್ಲಿ ಇರುತ್ತದೆ. ತಪ್ಪೇನಿಲ್ಲ.

ಸಾಲುವುದಿಲ್ಲ.

ಕೆಲವು ಗ್ಯಾಲಕ್ಸಿಗಳ ಕೇಂದ್ರದಲ್ಲಿ ಇರುವ ದೈತ್ಯ ಕಪ್ಪುರಂಧ್ರದ ಹತ್ತಿರದಿಂದ ಜೆಟ್, ಅಂದರೆ ಕಣಗಳ ಕಾರಂಜಿ, ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಚಿಮ್ಮುತ್ತದೆ. ಅದು ನಮ್ಮ ಕಡೆಗೇ ತಿರುಗಿದ್ದರೆ ಬ್ಲೇಜಾರ್. ಮುಖಕ್ಕೇ ಟಾರ್ಚ್ ಬಿಟ್ಟ ಹಾಗೆ. ಬೆಳಕಿನಲ್ಲೇ ಅತಿ ಹೆಚ್ಚು ಶಕ್ತಿಯದಾದ ಗಾಮಾ ಕಿರಣ ಜೆಟ್‌ನ ಯಾವ ಜಾಗದಿಂದ ಬರುತ್ತಿದೆ ಎಂದು ಬಿಡಿಸಿ ತೋರಿಸುವ ಟೆಲಿಸ್ಕೋಪ್ ಇಲ್ಲ. ಹಾಗಾಗಿ ಗಡಿಯಾರ ಹಿಡಿದು ಕೂರುತ್ತೇವೆ. ಬೆಳಕು ಒಂದು ಜಾಗವನ್ನು ದಾಟಲು ಹಿಡಿಯುವ ಸಮಯಕ್ಕಿಂತ ಬೇಗ ಆ ಇಡೀ ಜಾಗ ಮಿನುಗಲಾರದು. ಬೇಗ ಮಿನುಗಿತೆಂದರೆ ಜಾಗ ಚಿಕ್ಕದು.

2006ರ ಜುಲೈನಲ್ಲಿ ಪಿಕೆಎಸ್ 2155-304 ಎಂಬ ಬ್ಲೇಜಾರ್‌ನ ಗಾಮಾ ಬೆಳಕು ಕೆಲವೇ ನಿಮಿಷಗಳಲ್ಲಿ ದುಪ್ಪಟ್ಟಾಯಿತು. ನಮೀಬಿಯಾದ ಹೆಸ್ ಟೆಲಿಸ್ಕೋಪ್‌ಗಳು ಅದನ್ನು ಹಿಡಿದವು. ಅಲ್ಲಿನ ಕಪ್ಪುರಂಧ್ರ ಸುಮಾರು ನೂರು ಕೋಟಿ ಸೂರ್ಯರಷ್ಟು ತೂಕ ಎಂಬ ಅಂದಾಜಿದೆ. ಅಷ್ಟು ದೊಡ್ಡದರ ಅಡ್ಡಗಲ ದಾಟಲು ಬೆಳಕಿಗೇ 5 ಗಂಟೆ ಬೇಕು! ಜೆಟ್ ನಮ್ಮತ್ತ ಓಡಿಬರುವುದರಿಂದ ಸಮಯ ಕುಗ್ಗಿ ಕಾಣುತ್ತದೆ, ನಿಜ. ಆದರೂ ಹೊಳೆದದ್ದು ಜೆಟ್‌ನೊಳಗಿನ ಪುಟ್ಟ ತುಣುಕು ಅಂತಲೇ ಅನ್ನಬೇಕಾಗುತ್ತದೆ.

ಇನ್ನು ಆ ಬೆಳಕು ಹುಟ್ಟಿದ್ದು ಹೇಗೆ? ರೇಡಿಯೊದಿಂದ ಕಣ್ಣಿಗೆ ಕಾಣುವ ಬೆಳಕಿನವರೆಗೆ, ಕೆಲವದರಲ್ಲಿ ಎಕ್ಸ್-ರೇವರೆಗೂ, ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ಕೆಲಸ. ಅದರಲ್ಲಿ ಜಗಳವಿಲ್ಲ. ಜಗಳವೆಲ್ಲ ಗಾಮಾ ಕಿರಣದ್ದು. ಅದೇ ಎಲೆಕ್ಟ್ರಾನ್‌ಗಳು ಕಡಿಮೆ ಶಕ್ತಿಯ ಬೆಳಕಿನ ಕಣಗಳನ್ನು ಗುದ್ದಿ ಶಕ್ತಿ ತುಂಬುತ್ತವೆಯೋ, ಪ್ರೋಟಾನ್‌ಗಳ ಕೈವಾಡವೋ? ಮಾರ್ಕೇರಿಯನ್ 421 ಎಂಬ ಬ್ಲೇಜಾರ್‌ನಲ್ಲಿ ಎಕ್ಸ್-ರೇ, ಗಾಮಾ ಎರಡೂ ಬಹಳ ಸಲ ಜೊತೆಯಲ್ಲೇ ಏರುತ್ತವೆ. ಆಗ ಎಲೆಕ್ಟ್ರಾನ್ ಮೇಲೇ ಅನುಮಾನ. ಆದರೆ 2002ರಲ್ಲಿ ಒಂದು ಸಲ 1ಇಎಸ್ 1959+650 ಎಂಬ ಇನ್ನೊಂದು ಬ್ಲೇಜಾರ್‌ನ ಗಾಮಾ ಮಾತ್ರ ಏರಿತು, ಎಕ್ಸ್-ರೇ ಏರಲಿಲ್ಲ. ಎಲ್ಲ ಎಲೆಕ್ಟ್ರಾನ್‌ನದೇ ಕೆಲಸ ಅನ್ನುವುದು ಆಗ ಕಷ್ಟ. 2017ರ ಸೆಪ್ಟೆಂಬರ್ 22ರಂದು ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಇರುವ ದಿಕ್ಕಿನಿಂದ ನ್ಯೂಟ್ರಿನೊ ಬಂತು. ಅದು ಯಾವುದಕ್ಕೂ ಸುಲಭಕ್ಕೆ ಸಿಗದೆ ತೂರಿಹೋಗುವ ಅತಿ ಹಗುರ ಕಣ. ಅಂಥ ನ್ಯೂಟ್ರಿನೊ ಹುಟ್ಟಲು ಪ್ರೋಟಾನ್ ಬೇಕೇ ಬೇಕು. ಅಷ್ಟಕ್ಕೇ ಎಲ್ಲ ಬ್ಲೇಜಾರ್‌ಗಳ ಗಾಮಾ ಕಿರಣವೂ ಪ್ರೋಟಾನ್‌ನದೇ ಅನ್ನುವವರ ಜೊತೆ ನಾನಿಲ್ಲ.

ಇದನ್ನೆಲ್ಲ ತೀರ್ಮಾನಿಸಲು ಎಲ್ಲ ಬೆಳಕನ್ನೂ ಒಟ್ಟಿಗೇ ನೋಡಬೇಕು. ಒಂದೇ ಟೆಲಿಸ್ಕೋಪ್ ಎಲ್ಲ ಬಗೆಯ ಬೆಳಕನ್ನೂ ಹಿಡಿಯಲಾರದು, ಅದಕ್ಕೇ ಅಷ್ಟೊಂದು ಬೇಕು. ನಿನ್ನೆಯ ಎಕ್ಸ್-ರೇಗೆ ಇವತ್ತಿನ ಗಾಮಾ ಜೋಡಿಸಿದರೆ ಸುಮ್ನೆ ಕಾಗದ ದಂಡ. ಲಡಾಖ್‌ನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ, ಕಣ್ಣಿಗೆ ಕಾಣುವ ಬೆಳಕನ್ನು ಹಿಡಿಯುವ 2 ಮೀಟರ್ ಕನ್ನಡಿಯ ಟೆಲಿಸ್ಕೋಪನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುತ್ತಾರೆ. ಬೆಂಗಳೂರಲ್ಲಿ ಮಳೆ ಹೊಯ್ದರೂ ಚಿಂತೆಯಿಲ್ಲ. ಅಲ್ಲಿ ಮೋಡ ಬಂದರೆ ಮಾತ್ರ ಸರಪಳಿಯ ಒಂದು ಕೊಂಡಿ ಹೋದಂತೆಯೇ. ರೇಡಿಯೊದವರಿಗೆ ಅಷ್ಟು ಅವಸರವಿಲ್ಲ. ಜೆಟ್‌ನ ಒಳಭಾಗದಿಂದ ರೇಡಿಯೊ ಅಲೆ ಹೊರಬರಲಾರದು, ಹೊಳೆದ ತುಣುಕು ಮುಂದೆ ಸಾಗಿ ತೆಳುವಾಗಬೇಕು. ಅದಕ್ಕೆ ಎಷ್ಟೋ ಸಲ ವಾರಗಳು, ತಿಂಗಳುಗಳೇ ಹಿಡಿಯುತ್ತವೆ.