ನೀಲಿ ಉಳಿದಷ್ಟು

ನಮ್ಮ ತಾತ 1969ರಲ್ಲಿ ಕೊಂಡ ಫಿಯಟ್ 1100 ಡಿಲೈಟ್ ಕಾರಿನ ಮೈಮೇಲೆ, ಬಲಗಡೆಯ ಹಿಂದಿನ ಮಡ್‌ಗಾರ್ಡಿನ ಅಂಗೈಯಗಲದ ಒಂದು ಜಾಗವನ್ನು ಬಿಟ್ಟರೆ, ಇಂದಿಗೂ ಇರುವುದು ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಹಾಕಿದ ಕಡುನೀಲಿ ಬಣ್ಣವೇ. ಕಳೆದ ಕಾರ್ತಿಕದಲ್ಲಿ ಮೂರು ದಿನ ಕೂತು ಆ ಬಣ್ಣವನ್ನು ಕೈಯಿಂದಲೇ ತೊಳೆದು, ಎಣ್ಣೆ ಕುಡಿಸಿ, ಮೇಣ ಹಚ್ಚಿದೆ. ಅದಕ್ಕೆ ಒಂದು ವಾರ ಮುಂಚೆ ನಾನು ಇಡೀ ಕಾರಿಗೆ ಹೊಸ ಪೇಂಟ್ ಹೊಡೆಸುವ ತೀರ್ಮಾನಕ್ಕೆ ಬಂದಿದ್ದೆ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಚಿಕ್ಕಬಳ್ಳಾಪುರದ ನಮ್ಮ ಮನೆಯ ಪಕ್ಕದಲ್ಲಿ ಶೀಟು ಹೊದಿಸಿದ ಒಂದು ಕೊಟ್ಟಿಗೆಯಿದೆ. ತಾತ ಹೋದ ಮೇಲೆ ಹದಿನಾಲ್ಕು ವರ್ಷ ಕಾರು ಹೆಚ್ಚಾಗಿ ಅಲ್ಲೇ ನಿಂತಿತ್ತು. ಕೊಟ್ಟಿಗೆಯ ಪಡುವಣ ಬದಿ ತೆರೆದೇ ಇರುವುದರಿಂದ ಮಧ್ಯಾಹ್ನದ ಬಿಸಿಲು ಬಾನೆಟ್ಟಿನ ಮೇಲೂ ಬಲಮಗ್ಗುಲಿನ ಮೇಲೂ ನೇರವಾಗಿ ಬೀಳುತ್ತಿತ್ತು. ಆ ಭಾಗದ ನೀಲಿ ಬರಬರುತ್ತಾ ಬೂದಿ ಮುಚ್ಚಿದ ಹಾಗೆ ಬೆಳ್ಳಗಾಗಿ, ಕೈಯಿಟ್ಟರೆ ನೀಲಿಪುಡಿ ಬೆರಳಿಗೆ ಅಂಟುವ ಸ್ಥಿತಿಗೆ ಬಂದಿತ್ತು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಹಳೆಯ ವಾಹನಗಳಿಗೆ ಪ್ರತ್ಯೇಕ ವಿಂಟೇಜ್ ನೋಂದಣಿಯ ನಿಯಮವನ್ನು ತಂದ ಮೇಲೆ ನೆಂಟರೆಲ್ಲ ಈ ಕಾರನ್ನು ಮತ್ತೆ ನೆನಪಿಸಿಕೊಂಡರು. "ಚೆನ್ನಾಗಿ ಕೆರೆಸಿ ಹೊಸದಾಗಿ ಪೇಂಟ್ ಮಾಡಿಸಪ್ಪ, ಥಳಥಳ ಅನ್ನಬೇಕು" ಎಂದು ಚಿಕ್ಕಪ್ಪ ಎರಡು ಸಲ ಫೋನು ಮಾಡಿದರು. ನನಗೂ ಅದೇ ಸರಿಯೆನ್ನಿಸಿತು.

ಕೆಲಸಕ್ಕೆ ಎಷ್ಟಾಗುತ್ತದೆಂದು ಕೇಳಲು ನಾನು ಕರೆತಂದದ್ದು ಬಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ ಶೆಡ್ಡು ಇಟ್ಟುಕೊಂಡಿದ್ದ ಹಳೆಯ ಪೇಂಟರ್ ಒಬ್ಬರನ್ನು. ಈಗ ಅವರು ಕೆಲಸವನ್ನು ಮಗನಿಗೆ ಬಿಟ್ಟಿದ್ದಾರೆ. ಅವರು ಬಾನೆಟ್ಟಿನ ಮೇಲೆ ಹೆಬ್ಬೆರಳನ್ನು ಒತ್ತಿ ಎಳೆದು, ಬೆರಳಿಗೆ ಹತ್ತಿದ ನೀಲಿಯನ್ನು ನೋಡಿ, ಆಮೇಲೆ ಡಿಕ್ಕಿ ಎತ್ತಿಸಿ ಅದರ ಒಳಮಗ್ಗುಲಿನ ಬಣ್ಣವನ್ನು ಬಹಳ ಹೊತ್ತು ನೋಡಿದರು. ಬಿಸಿಲು ಕಾಣದ ಆ ಜಾಗದಲ್ಲಿ ನೀಲಿ ನೇರಳೆಹಣ್ಣಿನ ಸಿಪ್ಪೆಯಷ್ಟು ಗಾಢವಾಗಿತ್ತು. ಥಿನ್ನರಿನಲ್ಲಿ ಅದ್ದಿದ ಹತ್ತಿಯನ್ನು ಅಲ್ಲೇ ಒಂದು ಮೂಲೆಗೆ ಒತ್ತಿ ಹಿಡಿದು ತೆಗೆದರು. ಹತ್ತಿಗೆ ಬಣ್ಣ ಹೆಚ್ಚೇನೂ ಹತ್ತಲಿಲ್ಲ. ನಮ್ಮ ಕಡೆ ಇಂದಿಗೂ ಕಾರಿನ ಯಾವ ಬಣ್ಣವನ್ನಾದರೂ ಡ್ಯೂಕೊ ಎನ್ನುವ ರೂಢಿಯಿದೆ. ನಿಜವಾದ ಡ್ಯೂಕೊ ಜಾತಿಯ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಆಗಿದ್ದರೆ ಎಷ್ಟು ವರ್ಷವಾಗಿದ್ದರೂ ಥಿನ್ನರಿಗೆ ಕರಗಿ ಹತ್ತಿಯನ್ನೆಲ್ಲ ನೀಲಿ ಮಾಡುತ್ತಿತ್ತು, ಇದು ಕರಗದಿದ್ದುದರಿಂದ ಶಾಖದಲ್ಲಿ ಬೇಯಿಸಿದ ಎನಾಮೆಲ್ ಎಂದು ಅವರು ನಿರ್ಧರಿಸಿದರು.

"ಇದು ಸತ್ತಿಲ್ಲ ಸ್ವಾಮಿ, ಮೇಲೆ ಮಾತ್ರ ಒಣಗಿದೆ. ಪೇಂಟು ನಾವು ಎಷ್ಟು ಬೇಕಾದರೂ ಹೊಡೀತೀವಿ. ಕಂಪನಿ ಪೇಂಟು ಒಂದೇ ಸಲ."

"ಹಾಗಾದರೆ ಏನು ಮಾಡಬೇಕು ಸಾಬ್ರೇ?"

"ತಾಳ್ಮೆಯಿದ್ದರೆ ನೀವೇ ಕೈಯಲ್ಲಿ ಉಜ್ಜಿ. ಮಿಷನ್ನು ಮಾತ್ರ ಹಚ್ಚಬೇಡಿ."

ಪೇಂಟಿಂಗ್ ಕೆಲಸ ಸಿಕ್ಕಿದ್ದರೆ ಅವರ ಮಗನಿಗೆ ಎರಡು ವಾರದ ದುಡಿಮೆಯಾಗುತ್ತಿತ್ತು. ಅದನ್ನು ಬಿಟ್ಟುಕೊಟ್ಟು ಹೇಳಿದ ಮಾತಾದ್ದರಿಂದ ನಾನು ಅದನ್ನು ಮೀರಲಿಲ್ಲ.

ಈ ಕಾಲದ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ಪಾರದರ್ಶಕ ಪದರವಿರುತ್ತದೆ. ಬಿಸಿಲು, ಧೂಳು, ಉಜ್ಜಾಟ ಎಲ್ಲವನ್ನೂ ಮೊದಲು ತಡೆದುಕೊಳ್ಳುವುದು ಅದು. ನಮ್ಮ ಕಾರಿನಲ್ಲಿ ಅಂಥ ಪದರವಿಲ್ಲ. ತಗಡು, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಅಷ್ಟೇ. ಬಣ್ಣದ ಕಣಗಳನ್ನು ಹಿಡಿದಿಟ್ಟುಕೊಂಡಿರುವ ರಾಳವನ್ನು ಸೂರ್ಯನ ನೇರಳಾತೀತ ಕಿರಣಗಳು ವರ್ಷಗಟ್ಟಲೆ ಕಡಿಯುತ್ತಾ ಬಂದಾಗ ಮೇಲ್ಮೈಯ ಕಣಗಳು ಹಿಡಿತ ತಪ್ಪಿ, ಸುಣ್ಣ ಬಳಿದ ಗೋಡೆಗೆ ಒರಗಿದವರ ಬೆನ್ನಿಗೆ ಸುಣ್ಣ ಹತ್ತುವ ಹಾಗೆ, ಮುಟ್ಟಿದವರ ಕೈಗೆ ಹತ್ತುತ್ತವೆ. ಒರಟಾದ ಆ ಮೇಲ್ಮೈಯಲ್ಲಿ ಬೆಳಕು ಚದುರುವುದರಿಂದ ನೀಲಿ ಬೆಳ್ಳಗೆ ಕಾಣುತ್ತದೆ. ಕೆಳಗಿನ ಬಣ್ಣ ಹಾಗೆಯೇ ಇರುತ್ತದೆ. ಆದರೆ ಎಲ್ಲ ಪದರಗಳೂ ಸೇರಿ ಇದರ ದಪ್ಪ 0.1 ಮಿಲಿಮೀಟರಿನ ಆಸುಪಾಸಿನದಾದ್ದರಿಂದ, ಉಜ್ಜಿ ಕಳೆದುಕೊಂಡದ್ದು ಮತ್ತೆ ಬರುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡದ್ದು ಬಲಗಡೆಯ ಮಡ್‌ಗಾರ್ಡಿನಲ್ಲಿ. ಏಳೆಂಟು ವರ್ಷಗಳ ಹಿಂದೆ ಕಾರು ತೊಳೆಯುವ ಒಂದು ಅಂಗಡಿಗೆ ಕೊಟ್ಟಾಗ ಅಲ್ಲಿನ ಹುಡುಗ ಒಳ್ಳೆಯ ಮನಸ್ಸಿನಿಂದಲೇ ರಬ್ಬಿಂಗ್ ಕಾಂಪೌಂಡ್ ಹಚ್ಚಿ, ತಿರುಗುವ ಮಿಷನ್ನನ್ನು ಮಡ್‌ಗಾರ್ಡಿನ ಏಣಿನ ಮೇಲೆ ಒತ್ತಿ ಹಿಡಿದಿದ್ದ. ಏಣು ಮತ್ತು ಅಂಚುಗಳ ಮೇಲೆ ಬಣ್ಣ ಮೊದಲೇ ತೆಳ್ಳಗಿರುತ್ತದೆ, ಮಿಷನ್ನಿನ ಒತ್ತಡವೆಲ್ಲ ಬೀಳುವುದೂ ಅಲ್ಲಿಯೇ. ಒಂದು ನಿಮಿಷವೂ ಹಿಡಿಯಲಿಲ್ಲ, ನೀಲಿ ಹೋಗಿ ಪ್ರೈಮರ್ ಕಾಣಿಸಿತು. ಆಮೇಲೆ ಅಲ್ಲಿಗೆ ಹಚ್ಚಿಸಿದ ನೀಲಿ ಇಂದಿಗೂ ಬೇರೆಯಾಗಿಯೇ ಕಾಣುತ್ತದೆ.

ತೊಳೆಯುವ ನೀರಿನ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಅದೇ ಅರ್ಧ ಕೆಲಸ. ನಮ್ಮ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಆ ಗಡಸು ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಹೆಕ್ಕಳೆ ಕಟ್ಟುವುದನ್ನು ಮನೆಮನೆಯಲ್ಲೂ ನೋಡಬಹುದು. ಅದೇ ನೀರು ಕಾರಿನ ಮೇಲೆ ಹನಿಯಾಗಿ ನಿಂತು ಆರಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಉಂಗುರದ ಕಲೆಗಳಾಗಿ ಕೂರುತ್ತವೆ, ಬಿಸಿಲಿದ್ದರೆ ಬಣ್ಣವನ್ನೇ ಕಚ್ಚಿಕೊಳ್ಳುತ್ತವೆ. ಆದ್ದರಿಂದ ಅಶ್ವಯುಜದ ಮಳೆಯಲ್ಲಿ ತಾರಸಿಯ ನೀರನ್ನು 200 ಲೀಟರಿನ ಎರಡು ಡ್ರಮ್ಮುಗಳಲ್ಲಿ ಹಿಡಿದಿಟ್ಟಿದ್ದೆ. ಇನ್ನೊಂದು ಶತ್ರು ಧೂಳು. ಸುತ್ತಲಿನ ಕಲ್ಲು ಕ್ವಾರಿ ಮತ್ತು ಕ್ರಷರುಗಳಿಂದ ಬರುವ ಗ್ರಾನೈಟಿನ ಧೂಳಿನಲ್ಲಿ ಗಾಜನ್ನೇ ಗೀರಬಲ್ಲ ಬೆಣಚುಕಲ್ಲಿನ ಕಣಗಳಿರುತ್ತವೆ. ಒಣಬಟ್ಟೆಯಿಂದ ಒಂದು ಸಲ ಒರೆಸಿದರೂ ಬಣ್ಣದ ಮೇಲೆ ಪೇಂಟರುಗಳ ಉಜ್ಜುಕಾಗದವಾದ ವಾಟರ್ ಪೇಪರ್ ಎಳೆದಂತೆಯೇ. ತಾತನ ಕಾಲದಿಂದ ದಿನಾ ಬೆಳಿಗ್ಗೆ ಕಾರನ್ನು ಒಣಬಟ್ಟೆಯಿಂದ ಝಾಡಿಸುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಎಷ್ಟೋ ಗೀರುಗಳು ಆ ಪ್ರೀತಿಯಿಂದಲೇ ಆದವು.

ಮೊದಲ ದಿನ ನಸುಕಿನಲ್ಲಿ ಟಾಪಿನಿಂದ ಶುರುಮಾಡಿ ಕೆಳಗಿಳಿಯುತ್ತಾ, ಶಾಂಪೂ ನೀರಿಗೊಂದು, ಬಟ್ಟೆ ಜಾಲಿಸುವುದಕ್ಕೊಂದು ಎಂದು ಎರಡು ಬಕೆಟ್ ಇಟ್ಟುಕೊಂಡು ತೊಳೆದೆ. ಆಮೇಲೆ ಕೈಗೆ ತೆಳುವಾದ ಪ್ಲಾಸ್ಟಿಕ್ ಕವರು ಹಾಕಿಕೊಂಡು ಬಾನೆಟ್ಟನ್ನು ಸವರಿದೆ. ಬರಿಗೈಗೆ ನುಣುಪೆನ್ನಿಸಿದ ಮೇಲ್ಮೈ ಕವರಿನ ಮೂಲಕ ರವೆ ಚೆಲ್ಲಿದ ಹಾಗೆ ತರಿತರಿಯಾಗಿತ್ತು. ಸಾಬೂನು ನೀರು ಹರಿಸಿಕೊಂಡು ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯ ತುಂಡನ್ನು ಒತ್ತದೆ ಜಾರಿಸುತ್ತಾ ಹೋದಾಗ ಆ ತರಿಯೆಲ್ಲ ಜೇಡಿಯೊಳಗೆ ಸೇರಿತು. ಜೇಡಿ ನೀಲಿಯಾಯಿತು. ಮಧ್ಯಾಹ್ನದವರೆಗೂ ಇದೇ ಕೆಲಸ. ಗಾಜಿನ ಸುತ್ತಲಿನ ರಬ್ಬರಿಗೂ ಕ್ರೋಮ್ ಪಟ್ಟಿಗಳಿಗೂ ಟೇಪು ಅಂಟಿಸಿ ಮುಗಿಸುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು.

ಆ ರಾತ್ರಿಯ ಕೆಲಸವೇ ಇಡೀ ಪ್ರಯತ್ನದ ಜೀವಾಳ. ಹಳೆಯ ಬಣ್ಣವನ್ನು ಉಳಿಸುವವರು ಮೊದಲು ಉಜ್ಜುವುದಿಲ್ಲ, ಎಣ್ಣೆಯಂಶ ತುಂಬಿದ ಗ್ಲೇಜ್ ಹಚ್ಚುತ್ತಾರೆ. ನಾನು ತರಿಸಿದ್ದು ಮೆಗ್ವಾಯರ್ಸ್ ಕಂಪನಿಯ ನಂಬರ್ 7. ಅದರಲ್ಲಿ ಬಣ್ಣವನ್ನು ಕೆರೆಯುವ ಪುಡಿಯಿಲ್ಲ. ಅದನ್ನು ದಪ್ಪವಾಗಿಯೇ ಹಚ್ಚಿ, ಟರ್ಕಿ ಟವೆಲಿನ ತುಂಡಿನಿಂದ ತಲೆಗೆ ಹರಳೆಣ್ಣೆ ತಿಕ್ಕುವಂತೆ ತಿಕ್ಕಿ, ಒರೆಸದೆ ರಾತ್ರಿಯಿಡೀ ಬಿಟ್ಟೆ. ಕಡಿದುಹೋದ ರಾಳ ಇದರಿಂದ ಮತ್ತೆ ಕೂಡಿಕೊಳ್ಳುವುದಿಲ್ಲ. ಆದರೆ ಒಣಗಿದ ಮೇಲ್ಮೈಯ ಸೂಕ್ಷ್ಮ ಸಂದುಗಳಲ್ಲಿ ಎಣ್ಣೆ ತುಂಬಿಕೊಂಡು ಬೆಳಕು ಚದುರುವುದು ಕಡಿಮೆಯಾಗುತ್ತದೆ, ಮರುದಿನ ಪಾಲಿಶ್ ಬಟ್ಟೆ ಆಡಿಸುವಾಗ ಬಣ್ಣ ಒಣಗಿ ಹರಿಯದೆ ಬಟ್ಟೆಯಡಿ ಜಾರುತ್ತದೆ. ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಹೋಗಿ ನೋಡಿದೆ. ಮಡ್‌ಗಾರ್ಡಿನ ತಗ್ಗಿನಲ್ಲಿ ನೀಲಿ ಆಗಲೇ ಎದ್ದು ಬರುತ್ತಿತ್ತು.

ಆ ಕೊಟ್ಟಿಗೆಯಲ್ಲಿ ಕೂತು ತಾತ ಹೇಳುತ್ತಿದ್ದ ಮಾತೊಂದು ಆಗ ನೆನಪಾಯಿತು. ಈ ಕಾರಿಗೂ ನಮ್ಮೂರಿಗೂ ಸಂಬಂಧವಿದೆ ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಇಲ್ಲೇ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಆ ಯೋಜನೆ ಅವರು ಬಯಸಿದಂತೆ ಕೈಗೂಡಲಿಲ್ಲ. ಅದರಲ್ಲಿ ಅವರ ಜೊತೆ ನಿಂತಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಕಟ್ಟಿದರು. 1964ರಿಂದ ಅದೇ ಕಂಪನಿ ಹೊರತಂದ 1089 ಸಿಸಿ ಎಂಜಿನ್ನಿನ, ಸ್ಟೀರಿಂಗ್ ಪಕ್ಕದಲ್ಲೇ ಗೇರಿರುವ ಈ ಡಿಲೈಟ್ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರಿನಿಂದ ದೇಶಕ್ಕೆಲ್ಲ ಪರಿಚಿತವಾಯಿತು. ಆ ಕಾರ್ಖಾನೆಯ ಗೋಡೆಗಳೊಳಗೆ ಬೆಂದ ಬಣ್ಣವನ್ನು ವಾಟರ್ ಪೇಪರಿನಿಂದ ಕೆರೆಸಿ ಮೋರಿಗೆ ಹರಿಸಲು ಹೊರಟಿದ್ದೆನಲ್ಲ ಎಂದು ಆ ರಾತ್ರಿ ನನಗೆ ಬಹಳ ನೋವಾಯಿತು.

ಎರಡನೆಯ ದಿನ ಗ್ಲೇಜನ್ನು ಒರೆಸಲು ಅಮ್ಮ ತಾತನ ಹಳೆಯ ಪಂಚೆಗಳನ್ನು ಹರಿದು ಕೊಟ್ಟರು. ನೂರಾರು ಸಲ ಒಗೆದು ಮೆತ್ತಗಾದ ಆ ಹತ್ತಿಬಟ್ಟೆಗೆ ಸಾಟಿಯಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಮೊದಲ ತುಂಡು ಕಡುನೀಲಿಯಾಯಿತು. ಅಮ್ಮ ಗಾಬರಿಯಿಂದ "ಬಣ್ಣವೇ ಹೋಗ್ತಾ ಇದೆಯಲ್ಲೋ" ಎಂದರು. ಹಿಡಿತ ತಪ್ಪಿದ ಪುಡಿಯಷ್ಟೇ ಬರುತ್ತಿದೆಯೆಂದು ನಾನು ಹೇಳಿದರೂ ನನಗೂ ಒಳಗೊಳಗೇ ಅಳುಕಿತ್ತು. ಎರಡನೆಯ ಸಲ ಹಚ್ಚಿ ಒರೆಸಿದಾಗ ಬಟ್ಟೆಯ ನೀಲಿ ತಿಳಿಯಾಯಿತು. ಸಂಜೆ ಬಹಳ ನಯವಾದ ಪಾಲಿಶ್ ಹಚ್ಚಿ, ಒಂದು ಮೊಳದಷ್ಟು ಜಾಗವನ್ನೇ ಹಿಡಿದು, ಏಣುಗಳನ್ನು ಮುಟ್ಟದೆ ಉಜ್ಜುತ್ತಾ ಬಂದೆ. ಹಾಗೆ ಬಾನೆಟ್ಟಿನ ನಡುಭಾಗಕ್ಕೆ ಬಂದಾಗ ಬಲ್ಬಿನ ಓರೆ ಬೆಳಕಿನಲ್ಲಿ ಅದು ಕಾಣಿಸಿತು: ಬೊಗಸೆಯಗಲದ ಒಂದು ಸ್ವಸ್ತಿಕ.

ಅಜ್ಜಿ ಪ್ರತಿ ಆಯುಧಪೂಜೆಗೂ ಅದೇ ಜಾಗದಲ್ಲಿ ಅರಿಶಿನ ಕುಂಕುಮ ಕಲಸಿ ಸ್ವಸ್ತಿಕ ಬರೆಯುತ್ತಿದ್ದರು. ಅದನ್ನು ಒರೆಸಬಾರದೆಂದು ಮಳೆ ಬಂದು ತೊಳೆಯುವವರೆಗೂ ಬಿಡುತ್ತಿದ್ದರು. ಕುಂಕುಮಕ್ಕೆ ಕೆಂಪು ಬರುವುದೇ ಅರಿಶಿನಕ್ಕೆ ಸುಣ್ಣದಂಥ ಕ್ಷಾರ ಬೆರೆತಾಗ. ಆ ಕ್ಷಾರವೇ ವರ್ಷ ವರ್ಷವೂ ಒಂದಿಷ್ಟೊಂದಿಷ್ಟು ಎನಾಮೆಲನ್ನು ಕಚ್ಚಿರಬೇಕು. ಮೇಲಿನ ಬೂದಿಬಣ್ಣ ಹೋದ ಮೇಲೆ ಅದು ಸುತ್ತಲಿನ ನೀಲಿಗಿಂತ ಒಂದು ಛಾಯೆ ಮಂಕಾದ ಗೆರೆಗಳಾಗಿ ಉಳಿದಿತ್ತು. ಹತ್ತು ಸಲ ಉಜ್ಜಿದೆ, ಸ್ವಲ್ಪ ಮಸುಕಾಯಿತು. ಇನ್ನೂ ಹತ್ತು ಸಲ ಉಜ್ಜಿದರೆ ಹೋಗಬಹುದಿತ್ತು, ಪ್ರೈಮರೂ ಕಾಣಬಹುದಿತ್ತು. ಬೆರಳು ನಿಲ್ಲಿಸಿ ಸಾಬ್ರಿಗೆ ಫೋನು ಮಾಡಿದೆ. ಅವರು ಮರುದಿನ ಬೆಳಿಗ್ಗೆ ತಾವೇ ಬಂದು, ಬಗ್ಗಿ ಪಕ್ಕದಿಂದ ನೋಡಿ, ಅಂಗೈಯಿಂದ ಒಮ್ಮೆ ಸವರಿ, "ಇಷ್ಟು ಸಾಕು, ಅಮ್ಮನವರು ಬರೆದದ್ದು ಇರಲಿ ಬಿಡಿ" ಎಂದರು. ನಾನು ಅಲ್ಲಿಗೇ ಪಾಲಿಶ್ ಡಬ್ಬಿ ಮುಚ್ಚಿದೆ.

ಮೂರನೆಯ ದಿನ ಮೇಣ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಸಾಬ್ರು ಮೊದಲು ಕೇಳಿದ್ದು ಅದರಲ್ಲಿ ಸಿಲಿಕೋನ್ ಇದೆಯೇ ಎಂದು. ಸಿಲಿಕೋನ್ ಸೇರಿದ ಪಾಲಿಶ್ ಹಚ್ಚಿದ ಮೈಗೆ ಮುಂದೆ ಯಾವಾಗಲಾದರೂ ಪೇಂಟು ಹೊಡೆದರೆ ಅದು ಅಲ್ಲಲ್ಲಿ ಹಿಂಜರಿದು ಮೀನಿನ ಕಣ್ಣಿನಂಥ ಕುಳಿಗಳಾಗುತ್ತವೆ, ಪೇಂಟರುಗಳಿಗೆ ಅದರಷ್ಟು ತಲೆನೋವು ಮತ್ತೊಂದಿಲ್ಲ. ಇಲ್ಲವೆಂದು ಓದಿ ಹೇಳಿದ ಮೇಲೆ ಸಮಾಧಾನಗೊಂಡರು. ಅದು ಕಾರ್ನೌಬಾ ಮೇಣ. ಬ್ರೆಜಿಲ್ಲಿನ ಈಶಾನ್ಯ ಭಾಗದ ಒಂದು ತಾಳೆಜಾತಿಯ ಮರದ ಎಲೆಗಳ ಮೇಲೆ ಕಟ್ಟುವ ಪುಡಿಯಿಂದ ತೆಗೆಯುವಂಥದ್ದು. ಜೇನುಮೇಣ ಸುಮಾರು 63 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಇದು ಕರಗಲು 82 ಡಿಗ್ರಿಯಾದರೂ ಬೇಕು. ಕೈಯಿಡಲಾಗದಷ್ಟು ಕಾಯುವ ನಮ್ಮ ಬೇಸಿಗೆಯ ಬಾನೆಟ್ಟಿಗೆ ಅಂಥದ್ದೇ ಸರಿ. ಹೋಳಿಗೆಗೆ ತುಪ್ಪ ಸವರಿದಷ್ಟು ತೆಳ್ಳಗೆ ಹಚ್ಚಬೇಕು. ದಪ್ಪ ಹಚ್ಚಿದರೆ ರಕ್ಷಣೆ ಹೆಚ್ಚುವುದಿಲ್ಲ, ಒರೆಸುವ ಕಷ್ಟ ಮಾತ್ರ ಹೆಚ್ಚುತ್ತದೆ. ಮಂಜು ಕವಿದಂತೆ ಮಬ್ಬಾದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು, ಗೆರೆ ಸ್ವಚ್ಛವಾಗಿ ಬಿದ್ದರೆ ಒರೆಸಬಹುದು. ನೆರಳಿನಲ್ಲಿ, ತಗಡು ತಣ್ಣಗಿರುವಾಗ, ಒಂದೊಂದೇ ಭಾಗವಾಗಿ ಮುಗಿಸಿದೆ.

ಸಂಜೆ ಕಾರನ್ನು ಹೊರಗೆ ತಂದು ನಿಲ್ಲಿಸಿದಾಗ ಅದು ಹೊಸ ಕಾರಿನಂತೆ ಕಾಣಲಿಲ್ಲ. ಬಾಗಿಲ ಅಂಚಿನಲ್ಲಿ ಉಗುರಿನಷ್ಟು ಬಣ್ಣ ಎದ್ದುಹೋದ ಜಾಗಗಳಿದ್ದವು, ಮಡ್‌ಗಾರ್ಡಿನ ಬೇರೆ ನೀಲಿ ಈಗ ಮೊದಲಿಗಿಂತ ಎದ್ದು ಕಾಣುತ್ತಿತ್ತು. ಆದರೆ ಡಿಕ್ಕಿಯ ಒಳಗೆ ಕಂಡಿದ್ದ ನೇರಳೆಹಣ್ಣಿನ ನೀಲಿ ಈಗ ಹೊರಗೂ ಇತ್ತು, ಅದರೊಳಗೆ ನಮ್ಮ ಬೇವಿನಮರವೂ ದೂರದ ನಂದಿಬೆಟ್ಟದ ಸಾಲೂ ತಲೆಕೆಳಗಾಗಿ ಕಾಣುತ್ತಿದ್ದವು. ನೋಡಲು ಬಂದ ಚಿಕ್ಕಪ್ಪ ಕಾರಿನ ಸುತ್ತ ಎರಡು ಸುತ್ತು ಬಂದು, "ಅಪ್ಪ ತಂದ ದಿನ ಹೀಗೇ ಇತ್ತು" ಎಂದು ಹೇಳಿ ಸುಮ್ಮನೆ ಜಗುಲಿಯ ಮೇಲೆ ಕೂತುಬಿಟ್ಟರು.

ಮೇಣ ನಾಲ್ಕೈದು ತಿಂಗಳಿಗೆ ಸವೆಯುತ್ತದೆ. ಅಂದಿನಿಂದ ಇಂದಿಗೆ ಎರಡು ಸಲ ಮತ್ತೆ ಹಚ್ಚಿದ್ದೇನೆ, ಪಾಲಿಶನ್ನು ಮಾತ್ರ ಮುಟ್ಟಿಲ್ಲ. ಕೊಟ್ಟಿಗೆಯ ಪಡುವಣ ಬದಿಗೆ ತಗಡು ಹೊಡೆಸಿದ್ದೇನೆ. ಮೊನ್ನೆಯ ಆಯುಧಪೂಜೆಗೆ ಅಮ್ಮ ಅರಿಶಿನ ಕುಂಕುಮವನ್ನು ಮುಂದಿನ ಗಾಜಿಗೆ ಇಟ್ಟು, ಬಾನೆಟ್ಟಿನ ಮೇಲೆ ಅಜ್ಜಿಯ ಸ್ವಸ್ತಿಕವಿರುವಲ್ಲಿ ಸೇವಂತಿಗೆಯ ಒಂದು ಮೊಳ ಹೂವನ್ನಷ್ಟೇ ಇರಿಸಿದರು.